ಇದ್ದಿಲಿನಿಂದ ಎದ್ದ ಊರು: ಭದ್ರಾವತಿಯ ಕಬ್ಬಿಣಕ್ಕೆ ಕಾಡು ಕೊಟ್ಟದ್ದು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಸರ್ ಎಂ. ವಿಶ್ವೇಶ್ವರಯ್ಯನವರಿಂದ ಆರಂಭಿಸುತ್ತಾರೆ, ನಾಲ್ವಡಿ ಕೃಷ್ಣರಾಜ ಒಡೆಯರನ್ನು ನೆನೆಯುತ್ತಾರೆ, ಅಲ್ಲಿಂದ ಮುಂದೆ ಉತ್ಪಾದನೆಯ ಟನ್ನುಗಳ ಲೆಕ್ಕಕ್ಕೆ ಬರುತ್ತಾರೆ. ಇಬ್ಬರಿಗೂ ಅದು ಸಲ್ಲತಕ್ಕ ಗೌರವ. ಆದರೆ ನೂರು ವರ್ಷ ದಾಟಿದ ಸಂಸ್ಥೆಯ ಈ ಸ್ಮರಣ ಸಂಚಿಕೆಯಲ್ಲಿ ಸ್ಥಾಪಕರ ಸಾಲಿಗೆ ಇನ್ನೊಂದು ಹೆಸರನ್ನು ಸೇರಿಸಬೇಕೆಂಬುದು ನನ್ನ ಬಯಕೆ. ಅದು ಲಕ್ಕವಳ್ಳಿ, ತಣಿಗೆಬೈಲು, ಉಂಬ್ಳೆಬೈಲು ಸುತ್ತಿನ ಕಾಡು. ಕಬ್ಬಿಣದ ಅದಿರು ಮೈಸೂರು ಸೀಮೆಯಲ್ಲಿ ಬೇರೆ ಕಡೆಯೂ ಇತ್ತು. ಚಿತ್ರದುರ್ಗದ ಗುಡ್ಡಗಳಲ್ಲಿತ್ತು, ಪಕ್ಕದ ಸಂಡೂರು, ಬಳ್ಳಾರಿ ಸೀಮೆಯಲ್ಲಂತೂ ಇಲ್ಲಿಗಿಂತ ಎಷ್ಟೋ ಪಾಲು ಹೆಚ್ಚಿತ್ತು. ಅಲ್ಲೆಲ್ಲೂ 1923ರಲ್ಲಿ ದೊಡ್ಡ ಕುಲುಮೆ ಹೊತ್ತಲಿಲ್ಲ. ಇಲ್ಲಿ ಹೊತ್ತಿತು. ಕಾರಣ ಸೌದೆ.

ಈ ನೆಲದ ಜೋಡಣೆಯೇ ವಿಶೇಷವಾದದ್ದು. ದಕ್ಷಿಣಕ್ಕೆ ಬಾಬಾಬುಡನ್ ಗಿರಿಗಳು ಕುದುರೆಲಾಳದ ಆಕಾರದಲ್ಲಿ ಬಾಗಿ ನಿಂತಿವೆ. ಆ ಸಾಲಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿ ಹೆಮಟೈಟ್ ಅದಿರು ನೆಲದ ಮೇಲ್ಪದರಕ್ಕೇ ಬಂದಿದೆ. ಗುಡ್ಡದ ಬುಡದಿಂದ ತರೀಕೆರೆಯ ಬಯಲಿನವರೆಗೆ ಎಲೆ ಉದುರುವ ಜಾತಿಯ ದಟ್ಟ ಕಾಡು: ಮತ್ತಿ, ಹೊನ್ನೆ, ನಂದಿ, ದಿಂಡಿಗ, ಬೀಟೆ, ತೇಗ, ನಡುನಡುವೆ ಬಿದಿರ ಮೆಳೆಗಳು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಈ ಕಾಡನ್ನು ಸೀಳಿಕೊಂಡು ಬಂದು, ಮುಂದೆ ಭದ್ರಾವತಿಯಾದ, ಆಗ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಸಣ್ಣ ಊರನ್ನು ಬಳಸಿ, ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಊರಿನಿಂದ ಸ್ವಲ್ಪ ದೂರದ ಬಂಡಿಗುಡ್ಡದಲ್ಲಿ ಸುಣ್ಣಕಲ್ಲು. ಕುಂಸಿಯ ಕಡೆ ಮ್ಯಾಂಗನೀಸ್. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಾಗ ಅದರ ಹಳಿ ಬೆಂಕಿಪುರದ ಮೇಲೆಯೇ ಹಾದುಹೋಯಿತು. ಕಬ್ಬಿಣ ಮಾಡಲು ಬೇಕಾದ ಅದಿರು, ಉರುವಲು, ಸುಣ್ಣಕಲ್ಲು, ನೀರು ಒಂದು ದಿನದ ಎತ್ತಿನ ಗಾಡಿಯ ಹಾದಿಯ ಆಸುಪಾಸಿನಲ್ಲಿ ಸಿಗುವ ಇಂಥ ಜಾಗ ಸಂಸ್ಥಾನದಲ್ಲಿ ಇನ್ನೊಂದಿರಲಿಲ್ಲ.

ಕಬ್ಬಿಣ ಮಾಡುವುದು ಈ ಸೀಮೆಯವರಿಗೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. ಹೊಳೆಯ ಮರಳಿನಲ್ಲಿ ಸಿಗುವ ಕಪ್ಪು ಅದಿರನ್ನೋ ಗುಡ್ಡದ ಕಲ್ಲನ್ನೋ ಮಣ್ಣಿನ ಕುಲುಮೆಗೆ ಹಾಕಿ, ತಿದಿ ಒತ್ತಿ, ಇದ್ದಿಲಿನ ಕಾವಿನಲ್ಲಿ ಕಬ್ಬಿಣದ ಗಟ್ಟಿ ತೆಗೆಯುವವರು ಮೈಸೂರು ಸೀಮೆಯ ಹಲವು ಹಳ್ಳಿಗಳಲ್ಲಿದ್ದರು. ನೇಗಿಲ ಗುಳ, ಕುಡುಗೋಲು, ಗಾಡಿಯ ಪಟ್ಟಿಗಳೆಲ್ಲ ಆ ಕಬ್ಬಿಣದವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಗ್ಗದ ಕಬ್ಬಿಣ ಬಂದು ಈ ಕುಲುಮೆಗಳು ಒಂದೊಂದಾಗಿ ಆರಿದವು. ಕೆಲವು ಊರುಗಳ ಹೊರಗೆ ಬಿದ್ದಿರುವ ಕಿಟ್ಟದ ದಿಬ್ಬಗಳು ಮಾತ್ರ ಉಳಿದವು. ಅವರದೂ ಇದ್ದಿಲಿನ ಕಬ್ಬಿಣವೇ ಆಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಕಲ್ಲಿದ್ದಲು ಇಲ್ಲದ ನೆಲದಲ್ಲಿ ಕಬ್ಬಿಣಕ್ಕೆ ಕಾಡನ್ನೇ ಕೇಳಬೇಕೆಂದು ಹಳ್ಳಿಯ ಕಮ್ಮಾರನಿಗೆ ಮೊದಲೇ ಗೊತ್ತಿತ್ತು.

ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ತೆರೆದದ್ದು ಮುಂದಿನ ಎಲ್ಲಕ್ಕೂ ಬುನಾದಿಯಾಯಿತು. ರಾಬರ್ಟ್ ಬ್ರೂಸ್ ಫೂಟ್ ಅದರ ಮೊದಲ ಮುಖ್ಯಸ್ಥರು, ಆಮೇಲೆ ಡಬ್ಲ್ಯು. ಎಫ್. ಸ್ಮೀತ್ ಬಹುಕಾಲ ಇಲಾಖೆಯನ್ನು ನಡೆಸಿದರು. ಒಂದು ದೇಶೀ ಸಂಸ್ಥಾನ ತನ್ನ ಕಾಲಕೆಳಗಿನ ಕಲ್ಲಿನ ಪಟ್ಟಿಯನ್ನು ತಾನೇ ಮಾಡಿಸಿಕೊಂಡದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕೋಲಾರದ ಚಿನ್ನದ ಗಣಿಗಳಿಂದ ಸಂಸ್ಥಾನಕ್ಕೆ ರಾಜಧನ ಬರುತ್ತಿತ್ತು, ನಿಜ. ಆದರೆ ಗಣಿಗಳನ್ನು ನಡೆಸುತ್ತಿದ್ದವರು ಇಂಗ್ಲೆಂಡಿನ ಕಂಪನಿಯವರು, ಲಾಭದ ದೊಡ್ಡ ಪಾಲು ಹೊರಕ್ಕೆ ಹೋಗುತ್ತಿತ್ತು. ಕುಂಸಿಯ ಮ್ಯಾಂಗನೀಸಿನ ಕಥೆಯೂ ಅಷ್ಟೆ. ಕಲ್ಲನ್ನು ಕಲ್ಲಾಗಿಯೇ ಹಡಗು ಹತ್ತಿಸುವ ಈ ಪದ್ಧತಿ ವಿಶ್ವೇಶ್ವರಯ್ಯನವರಿಗೆ ಸರಿಬರಲಿಲ್ಲ. 1912ರಲ್ಲಿ ದಿವಾನರಾದ ಅವರು ಬಾಬಾಬುಡನ್ ಗಿರಿಯ ಅದಿರನ್ನು ಇಲ್ಲಿಯೇ ಕರಗಿಸಬೇಕೆಂದು ಹಟ ಹಿಡಿದರು.

ಅಡ್ಡ ಬಂದದ್ದು ಉರುವಲು. ಜಗತ್ತಿನ ದೊಡ್ಡ ಕುಲುಮೆಗಳೆಲ್ಲ ಆ ಹೊತ್ತಿಗೆ ಕೋಕ್‌ನಿಂದ ಉರಿಯುತ್ತಿದ್ದವು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೆ ಝರಿಯಾದ ಕಲ್ಲಿದ್ದಲು ಹಿತ್ತಲಿನಲ್ಲೇ ಸಿಕ್ಕಂತಾಗಿತ್ತು. ಬೆಂಕಿಪುರಕ್ಕೆ ಅದೇ ಕಲ್ಲಿದ್ದಲು ಸಾವಿರ ಮೈಲಿಗೂ ಹೆಚ್ಚು ದೂರದಿಂದ, ಹಳಿಯ ಅಗಲ ಬದಲಾಯಿಸುವ ನಿಲ್ದಾಣಗಳಲ್ಲಿ ಇಳಿಸಿ ಏರಿಸಿ ಬರಬೇಕು. ಆ ಬೆಲೆಗೆ ಕಬ್ಬಿಣ ಗಿಟ್ಟುವುದಿಲ್ಲ. ಟಾಟಾ ಕಾರ್ಖಾನೆಗೂ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಸಿ. ಪಿ. ಪೆರಿನ್ ಅವರ ಸಲಹೆ ಪಡೆದು ಸಂಸ್ಥಾನ ಆರಿಸಿಕೊಂಡ ದಾರಿ ಇದ್ದಿಲಿನದು. ಸ್ವೀಡನ್ ದೇಶದ ಇದ್ದಿಲು ಕಬ್ಬಿಣಕ್ಕೆ ಜಗತ್ತಿನಲ್ಲಿ ಹೆಸರಿತ್ತು. ಮರದಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಇದ್ದಿಲಿನಲ್ಲಿ ಕರಗಿದ ಕಬ್ಬಿಣಕ್ಕೆ ಕೋಕ್‌ನಿಂದ ಅಂಟುವ ಗಂಧಕದ ದೋಷ ತಟ್ಟುವುದಿಲ್ಲ. ಬಡತನದಿಂದ ಹಿಡಿದ ದಾರಿ ಗುಣದಲ್ಲಿ ಮೇಲಾಯಿತು. ಭದ್ರಾವತಿಯ ಕಬ್ಬಿಣಕ್ಕೆ ಮುಂದೆ ಅಮೆರಿಕ, ಜಪಾನುಗಳಲ್ಲಿಯೂ ಗಿರಾಕಿಗಳು ಸಿಕ್ಕಿದ್ದು ಈ ಶುದ್ಧತೆಯಿಂದ. 1918ರಲ್ಲಿ ಯೋಜನೆಗೆ ಚಾಲನೆ ದೊರೆಯಿತು.

ಇದ್ದಿಲು ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಈ ಕಾರ್ಖಾನೆಯ ಪ್ರತಿಭೆ ಇದ್ದದ್ದು ಅಲ್ಲಿ. ಕಾಡಿನಲ್ಲಿ ಗುಂಡಿ ತೋಡಿ, ಸೌದೆ ಒಟ್ಟಿ, ಮಣ್ಣು ಮುಚ್ಚಿ ಇದ್ದಿಲು ಸುಡುವ ಹಳೆಯ ಪದ್ಧತಿಯಲ್ಲಿ ಹೊಗೆಯೆಲ್ಲ ಗಾಳಿಗೆ ಹೋಗುತ್ತದೆ. ಇಲ್ಲಿ ಆ ಹೊಗೆಯನ್ನೂ ಬಿಡಬಾರದೆಂದು ಮರವನ್ನು ಬಟ್ಟಿ ಇಳಿಸುವ ದೊಡ್ಡ ಸ್ಥಾವರವನ್ನೇ ಕಟ್ಟಿದರು. ಆ ಕಾಲಕ್ಕೆ ಪೌರ್ವಾತ್ಯ ದೇಶಗಳಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರುವ ಸ್ಥಾವರ ಅದು. ಕಾಡಿನಿಂದ ಬಂದ ಸೌದೆಯನ್ನು ಒಂದೇ ಅಳತೆಗೆ ಕತ್ತರಿಸಿ, ಒಣಗಿಸಿ, ಜಾಲರಿಯಂಥ ಕಬ್ಬಿಣದ ಗಾಡಿಗಳಿಗೆ ತುಂಬುತ್ತಿದ್ದರು. ಗಾಡಿಗಳು ಹಳಿಯ ಮೇಲೆ ಉರುಳಿ ಉದ್ದನೆಯ ಕಬ್ಬಿಣದ ಕೋಣೆಯೊಳಗೆ ಹೋಗಬೇಕು. ಬಾಗಿಲು ಬಿಗಿದು ಹೊರಗಿನಿಂದ ಕಾಯಿಸಬೇಕು. ಒಳಗೆ ಗಾಳಿಯಿಲ್ಲದ ಕಾರಣ ಸೌದೆ ಉರಿಯುವುದಿಲ್ಲ, ಬೇಯುತ್ತದೆ. ಮೊದಲು ನೀರಿನ ಆವಿ, ಆಮೇಲೆ ಕಟುವಾಸನೆಯ ಹೊಗೆ ಕೊಳವೆಗಳಲ್ಲಿ ಹಾದು, ತಣಿದು, ದ್ರವವಾಗಿ ಇಳಿಯುತ್ತದೆ. ಅದರಿಂದ ಮೀಥೈಲ್ ಆಲ್ಕೋಹಾಲ್, ಅಸಿಟೇಟ್ ಆಫ್ ಲೈಮ್, ಮರದ ಡಾಂಬರು. ಹೊಗೆ ಪೂರ್ತಿ ಇಳಿದ ಮೇಲೆ ಗಾಡಿಗಳನ್ನು ನೇರವಾಗಿ ಹೊರಗೆ ಎಳೆಯುವಂತಿಲ್ಲ. ಕೆಂಡದಂತಿರುವ ಇದ್ದಿಲಿಗೆ ಗಾಳಿ ಸೋಂಕಿದರೆ ಕ್ಷಣದಲ್ಲಿ ಧಗ್ಗನೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಅವನ್ನು ಇನ್ನೊಂದು ಮುಚ್ಚಿದ ಕೋಣೆಗೆ ತಳ್ಳಿ, ಆರಲು ಬಿಟ್ಟು, ಆಮೇಲೆಯೇ ಕುಲುಮೆಗೆ ಸಾಗಿಸುತ್ತಿದ್ದರು.

ಈಗ ಲೆಕ್ಕ ನೋಡಿ. ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ಮೂರೂವರೆಯಿಂದ ನಾಲ್ಕು ಟನ್ ಒಣ ಸೌದೆ. ಭದ್ರಾವತಿಯ ಊದುಕುಲುಮೆಯ ಮೂಲ ಸಾಮರ್ಥ್ಯ ದಿನಕ್ಕೆ 60 ಟನ್. ಎಂದರೆ ಕುಲುಮೆ ಪೂರ್ತಿ ನಡೆದ ದಿನ ಇನ್ನೂರು ಟನ್ನಿಗೂ ಮೀರಿದ ಸೌದೆ ಕಾಡಿನಿಂದ ಹೊರಡಲೇಬೇಕು. ಹಬ್ಬ ಹರಿದಿನ, ಮಳೆಗಾಲ ಯಾವುದೂ ಕುಲುಮೆಗೆ ತಿಳಿಯದು. ಒಮ್ಮೆ ಹೊತ್ತಿಸಿದ ಊದುಕುಲುಮೆಯನ್ನು ಆರಿಸಿದರೆ ಒಳಗಿನ ಸರಕು ಹೆಪ್ಪುಗಟ್ಟಿ ಕುಲುಮೆಯೇ ಹಾಳಾಗುತ್ತದೆ. ಆದ್ದರಿಂದ ಕಾಡನ್ನು ಕೂಪುಗಳೆಂಬ ತುಂಡುಗಳಾಗಿ ವಿಂಗಡಿಸಿ, ವರ್ಷಕ್ಕಿಷ್ಟು ಕೂಪು ಎಂದು ಸರದಿ ಹಾಕಿ, ಕಡಿದ ಬುಡ ಮತ್ತೆ ಚಿಗುರಿ ಬೆಳೆದು ಮುಂದಿನ ಸರದಿಗೆ ಸಿದ್ಧವಾಗುತ್ತದೆಂಬ ನಂಬಿಕೆಯ ಮೇಲೆ ಯೋಜನೆ ರೂಪಿಸಿದರು. ಕಾಗದದ ಮೇಲೆ ಲೆಕ್ಕ ಸರಿಯಿತ್ತು. ಕಾಡಿನಲ್ಲಿ ಬೆಂಕಿ, ದನದ ಮೇವು, ಊರವರ ಸೌದೆ, ಚಿಗುರನ್ನು ಮುಕ್ಕುವ ಜಿಂಕೆ, ಮಧ್ಯೆ ನುಗ್ಗುವ ಬಿದಿರು ಇವೆಲ್ಲ ಇದ್ದವು. ಬೆಲೆಬಾಳುವ ಹೊನ್ನೆ, ಮತ್ತಿಗಳು ಕಡಿದಷ್ಟು ಬೇಗ ಮರಳಿ ಬರಲಿಲ್ಲ.

1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಕುಲುಮೆಯ ಬಾಯಿಗೆ ಮೆತ್ತಿದ ಜೇಡಿಮಣ್ಣನ್ನು ಕೊರೆದು ತೆಗೆದಾಗ ಬಿಳಿಗೆಂಪು ಕಬ್ಬಿಣ ಕಾಲುವೆಯಲ್ಲಿ ಹರಿದು ಮರಳಿನ ಅಚ್ಚುಗಳಲ್ಲಿ ತುಂಬಿಕೊಳ್ಳುವುದನ್ನು ನೋಡಲು ದೊಡ್ಡವರು ಬಂದರು. ಆದರೆ ಸಂತೋಷ ಬಹಳ ದಿನ ಉಳಿಯಲಿಲ್ಲ. ಮೊದಲ ಮಹಾಯುದ್ಧದ ಕಾಲದ ಏರುಬೆಲೆಯನ್ನು ನಂಬಿ ಯೋಜನೆ ಹಾಕಿದ್ದರು. ಯಂತ್ರಗಳು ಬಂದಿಳಿದು ಕಟ್ಟಡ ಮುಗಿಯುವಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ವೆಚ್ಚ ಅಂದಾಜನ್ನು ಮೀರಿತ್ತು. ಕಾಡಿನ ನಡುವೆ ಸಂಸ್ಥಾನದ ಹಣ ಸುಡುತ್ತಿದೆ ಎಂಬ ಟೀಕೆ ಎಲ್ಲೆಡೆ ಕೇಳಿಬಂತು. ಆಗ ಮಹಾರಾಜರು ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಟ್ಟರು. 1923ರಿಂದ 1929ರವರೆಗೆ ಅವರು ಆ ಹೊಣೆ ಹೊತ್ತರು. ವಿದೇಶಿ ಮೇಲ್ವಿಚಾರಕರ ಜಾಗಕ್ಕೆ ನಮ್ಮವರನ್ನು ತಂದರು, ಖರ್ಚನ್ನು ಬಿಗಿಹಿಡಿದರು, ಬರೀ ಬೀಡುಕಬ್ಬಿಣ ಮಾರುವುದನ್ನು ಬಿಟ್ಟು ಅದರಿಂದ ನೀರಿನ ಕೊಳವೆ ಎರಕ ಹೊಯ್ಯುವ ಕೆಲಸಕ್ಕೆ ಒತ್ತು ಕೊಟ್ಟರು. ಕಾರ್ಖಾನೆ ಲಾಭಕ್ಕೆ ಬರುವವರೆಗೆ ಸಂಬಳ ಬೇಡವೆಂದರು. ಆಮೇಲೆ ಸಂದ ಹಣವನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಶಾಲೆ ತೆರೆಯಲು ಕೊಟ್ಟು, ಅದಕ್ಕೆ ತಮ್ಮ ಹೆಸರು ಬೇಡ, ಜಯಚಾಮರಾಜೇಂದ್ರ ಒಡೆಯರ ಹೆಸರಿರಲಿ ಎಂದರು. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಿಂದ ಹೊರಬಂದ ಸಾವಿರಾರು ಮಂದಿಯ ಕಲಿಕೆಯ ಹಿಂದೆ ಭದ್ರಾವತಿಯ ಕುಲುಮೆಯ ಕಾವಿದೆ. 1927ರ ಆಗಸ್ಟ್‌ನಲ್ಲಿ ಗಾಂಧೀಜಿ ಬಂದು ಕಾರ್ಖಾನೆ ನೋಡಿದ್ದು ಈ ಕಷ್ಟದ ವರ್ಷಗಳಲ್ಲಿಯೇ.

ಇಷ್ಟು ಸೌದೆಯನ್ನೂ ಅದಿರನ್ನೂ ತಂದವರ ವಿಷಯ ಸ್ಮರಣ ಸಂಚಿಕೆಗಳಲ್ಲಿ ಸಾಕಷ್ಟು ಬರುವುದಿಲ್ಲ. ಕೆಮ್ಮಣ್ಣುಗುಂಡಿಯಿಂದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತೂಗಿಕೊಂಡು ಬೆಟ್ಟ ಇಳಿದು ತಣಿಗೆಬೈಲಿಗೆ ಬರುತ್ತಿತ್ತು. ಅಲ್ಲಿಂದ ಸಣ್ಣ ರೈಲು. ಆ ರೈಲಿನ ಜಾಲ ಕಾಡಿನೊಳಗೂ ಕೈಚಾಚಿತ್ತು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಎರಡಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಟ್ರಾಂ ಬಂಡಿಯನ್ನು ಆ ಸೀಮೆಯ ಹಿರಿಯರು ನೆನೆಸಿಕೊಳ್ಳುವುದುಂಟು. ಕೂಪುಗಳಲ್ಲಿ ಕೊಡಲಿ ಹಿಡಿದವರು ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಶತ್ರು ಚಳಿಜ್ವರ. ಮಲೆನಾಡಿನ ಮಲೇರಿಯಾಕ್ಕೆ ಹೆದರಿ ಬಯಲುಸೀಮೆಯ ಆಳುಗಳು ಬರಲು ಒಪ್ಪುತ್ತಿರಲಿಲ್ಲ. ಬಂದವರಲ್ಲಿ ಎಷ್ಟೋ ಜನ ಒಂದೇ ಮಳೆಗಾಲದಲ್ಲಿ ಸೋತು ವಾಪಸಾದರು, ಕೆಲವರು ವಾಪಸಾಗಲೇ ಇಲ್ಲ. ಕೊರತೆ ತುಂಬಲು ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಕರಾವಳಿಯಿಂದ ಜನ ಬಂದರು. ಇಂದಿಗೂ ಭದ್ರಾವತಿಯ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಚಹಾ ಅಂಗಡಿಯ ಮುಂದೆ ಕೇಳಿಸುವುದಕ್ಕೆ ಕಾರಣ ಆ ಕಾಲದ ಸೌದೆಯ ಹಸಿವು.

ಮುಂದಿನದನ್ನು ಬೇಗ ಹೇಳಬಹುದು. 1936ರಲ್ಲಿ ಉಕ್ಕಿನ ಸ್ಥಾವರ ಬಂತು, ಸಂಸ್ಥೆಯ ಹೆಸರು ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಎಂದಾಯಿತು. ಆ ದಶಕದ ಕೊನೆಗೆ ಸಿಮೆಂಟ್. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೆಣಚುಕಲ್ಲಿನಿಂದ ಫೆರೋಸಿಲಿಕಾನ್. ಒಂದು ಕಲ್ಲಿನ ಪಕ್ಕ ಇನ್ನೊಂದು ಕಲ್ಲು ಉಪಯೋಗಕ್ಕೆ ಬಂದಂತೆ ಕಾರ್ಖಾನೆ ಬೆಳೆಯಿತು.

ಆದರೆ ಕಾಡಿನ ಮಿತಿ ಆ ಹೊತ್ತಿಗಾಗಲೇ ಕಾಣುತ್ತಿತ್ತು. ಇದ್ದಿಲಿನ ಕುಲುಮೆಗೆ ಹುಟ್ಟಿನಲ್ಲೇ ಒಂದು ಕಟ್ಟಳೆಯಿದೆ: ಅದನ್ನು ಬಹಳ ದೊಡ್ಡದು ಮಾಡಲಾಗದು. ಇದ್ದಿಲು ಮೆದು, ಕುಲುಮೆ ಎತ್ತರವಾದಷ್ಟೂ ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗಿ ಗಾಳಿಯ ದಾರಿ ಕಟ್ಟಿಹೋಗುತ್ತದೆ. ಜಮ್‌ಶೆಡ್‌ಪುರ ದಿನಕ್ಕೆ ನೂರಾರು ಟನ್ನಿನ ಕುಲುಮೆಗಳನ್ನು ಕಟ್ಟುತ್ತಾ ಹೋದಾಗ ಭದ್ರಾವತಿ ಸಣ್ಣದಾಗಿಯೇ ಉಳಿಯಬೇಕಾಯಿತು. ಇನ್ನು ಸೌದೆ ವರ್ಷದಿಂದ ವರ್ಷಕ್ಕೆ ದೂರ ಸರಿಯಿತು, ಸಾಗಣೆ ದುಬಾರಿಯಾಯಿತು. ಕಲ್ಲಿದ್ದಲಿಲ್ಲದ ನಾಡು ಎರಡನೆಯ ಬಾರಿ ತನ್ನ ಸುತ್ತ ಕಣ್ಣಾಡಿಸಿದಾಗ ಕಂಡದ್ದು ನೀರು. 1948ರಲ್ಲಿ ಜೋಗದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು, ಪೂರ್ಣ ಸಾಮರ್ಥ್ಯ 120 ಮೆಗಾವಾಟ್. ಶರಾವತಿಯ ಆ ಬಲ ತಂತಿಯ ಮೇಲೆ ಭದ್ರಾವತಿಗೆ ಬಂದು, 1952ರಲ್ಲಿ ವಿದ್ಯುತ್ತಿನಿಂದ ಅದಿರು ಕರಗಿಸುವ ಕುಲುಮೆಗಳು ಹೊತ್ತಿದವು. ನಾರ್ವೆಯವರು ರೂಪಿಸಿದ ಆ ಕುಲುಮೆಯಲ್ಲಿ ಕಾವು ಕೊಡುವ ಕೆಲಸ ವಿದ್ಯುತ್ತಿನದು. ಅದಿರಿನಿಂದ ಆಮ್ಲಜನಕ ಬಿಡಿಸುವ ಕೆಲಸಕ್ಕಷ್ಟೆ ಇದ್ದಿಲೋ ಕೋಕೋ ಬೇಕು. ಪ್ರತಿ ಟನ್ ಕಬ್ಬಿಣಕ್ಕೆ ಕಾಡಿನ ಮೇಲೆ ಬೀಳುವ ಭಾರ ಬಹಳ ಕಡಿಮೆಯಾಯಿತು. ನನ್ನ ದೃಷ್ಟಿಯಲ್ಲಿ ಭದ್ರಾವತಿಯ ನೂರು ವರ್ಷಗಳಲ್ಲಿ ಅತ್ಯಂತ ವಿವೇಕದ ತಿರುವು ಇದು. ಜೋಗದ ವಿದ್ಯುತ್ ಅಗ್ಗವಾಗಿರುವವರೆಗೆ ಅದು ಫಲ ಕೊಟ್ಟಿತು. ಬೆಂಗಳೂರಿನ ಹೊಸ ಕಾರ್ಖಾನೆಗಳೂ ಊರೂರಿನ ಪಂಪ್‌ಸೆಟ್ಟುಗಳೂ ಅದೇ ವಿದ್ಯುತ್ತಿಗೆ ಕೈಯೊಡ್ಡಿದ ಮೇಲೆ, ಮಳೆ ಕೈಕೊಟ್ಟ ವರ್ಷಗಳಲ್ಲಿ ಕಡಿತ ಬಂದಾಗ, ಆ ಆಸರೆಯೂ ಸಡಿಲವಾಯಿತು.

ಕಾಡಿನ ಇನ್ನೊಂದು ಕವಲು ಕಾಗದ. ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದಾಗ ಅದರ ಕಣ್ಣಿದ್ದದ್ದು ಬಿದಿರಿನ ಮೇಲೆ. ಕಬ್ಬಿಣದ ಕಾರ್ಖಾನೆಗೆ ಬೇಡವಾದದ್ದು, ಕೂಪುಗಳಲ್ಲಿ ಚಿಗುರನ್ನು ಮುಚ್ಚುವ ಪೀಡೆ ಎಂದೆನಿಸಿದ್ದು ಇಲ್ಲಿ ಕಚ್ಚಾಮಾಲಾಯಿತು. ಭದ್ರೆಯ ನೀರು ತೊಳೆಯಲು, ಬೇಯಿಸಲು. ಊರಿಗೆ ಕಾಗದನಗರ ಎಂಬ ಹೊಸ ಬಡಾವಣೆ ಸೇರಿತು. ಎಂಪಿಎಂ ಎಂದು ಮನೆಮಾತಾದ ಈ ಕಾರ್ಖಾನೆಯ ಕಾಗದದ ಮೇಲೆ ಕನ್ನಡದ ಎಷ್ಟೋ ಪುಸ್ತಕಗಳು, 1980ರ ದಶಕದ ಬಳಿಕ ದಿನಪತ್ರಿಕೆಗಳು ಅಚ್ಚಾದವು. ನಮ್ಮ ಅಕ್ಷರದ ಬದುಕಿಗೆ ಭದ್ರಾವತಿಯ ಬಿದಿರು ಕೊಟ್ಟ ಕೊಡುಗೆಯನ್ನು ಸಾಹಿತ್ಯ ಚರಿತ್ರೆಗಳು ಹೇಳುವುದಿಲ್ಲ, ಹೇಳಬೇಕಿತ್ತು.

ಬಿದಿರಿನ ಸ್ವಭಾವ ಕಾಡುಮರದಂತಲ್ಲ. ನಮ್ಮ ಮುಳ್ಳುಬಿದಿರು ನಾಲ್ಕೈದು ದಶಕಕ್ಕೊಮ್ಮೆ, ಒಂದು ಸೀಮೆಯಲ್ಲಿರುವುದೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹೂ ಬಿಡುತ್ತದೆ. ರಾಶಿರಾಶಿ ಬಿದಿರಕ್ಕಿ ಉದುರುತ್ತದೆ, ಇಲಿ ಹೆಚ್ಚುತ್ತವೆ, ಮೆಳೆಗೆ ಮೆಳೆಯೇ ಒಣಗಿ ಸಾಯುತ್ತದೆ. ಬೀಜದಿಂದ ಹುಟ್ಟಿದ ಸಸಿ ಮತ್ತೆ ಕಡಿಯುವಷ್ಟು ದಪ್ಪವಾಗಲು ಹತ್ತಾರು ವರ್ಷ ಕಾಯಬೇಕು. ಬಿದಿರು ಪ್ರತಿವರ್ಷ ಇಷ್ಟೇ ಸಿಗುತ್ತದೆಂದು ಲೆಕ್ಕ ಹಾಕಿ ಕಟ್ಟಿದ ಕಾರ್ಖಾನೆಗಳಿಗೆಲ್ಲ ಈ ಹೂವು ದೊಡ್ಡ ಪಾಠ ಕಲಿಸಿತು. ಬೆಲೆಯ ತಪ್ಪೂ ಇತ್ತು. 1958ರಲ್ಲಿ ದಾಂಡೇಲಿಯಲ್ಲಿ ಆರಂಭವಾದ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ; ಬುಟ್ಟಿ, ಮೊರ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಕೊಡುತ್ತಿದ್ದ ಬೆಲೆ ಅದರ ನೂರಾರು ಪಟ್ಟು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು ಕರ್ನಾಟಕದ ಬಿದಿರುಕಾಡುಗಳನ್ನು ಅಧ್ಯಯನ ಮಾಡಿ ಈ ವಿಷಯ ಮುಂದಿಟ್ಟರು. ಕೈಗೆ ಬಿಟ್ಟಿಯಾಗಿ ಸಿಕ್ಕ ವಸ್ತುವನ್ನು ಜೋಪಾನ ಮಾಡಬೇಕೆಂದು ಯಾವ ಕಾರ್ಖಾನೆಗೂ ಅನ್ನಿಸುವುದಿಲ್ಲ. ಹತ್ತಿರದ ಮೆಳೆ ಮುಗಿದ ಮೇಲೆ ದೂರದ್ದು, ಅದೂ ಮುಗಿದ ಮೇಲೆ ನೀಲಗಿರಿ, ಅಕೇಶಿಯಾ. ಎಂಪಿಎಂಗೆ 1980ರಲ್ಲಿ ನೆಡುತೋಪಿಗಾಗಿ ಸಾವಿರಾರು ಎಕರೆ ಅರಣ್ಯಭೂಮಿಯನ್ನು ನಲವತ್ತು ವರ್ಷದ ಗುತ್ತಿಗೆಗೆ ಕೊಟ್ಟರು. ಮಲೆನಾಡಿನ ಗುಡ್ಡಗಳ ಮೇಲೆ ಒಂದೇ ಎತ್ತರದ, ಒಂದೇ ಬಣ್ಣದ ಅಕೇಶಿಯಾ ಸಾಲುಗಳು ಬಂದದ್ದು ಹೀಗೆ. ಸಕ್ಕರೆ ಘಟಕವೂ ಸೇರಿ ಕಬ್ಬಿನ ಸಿಪ್ಪೆಯೂ ಕಾಗದವಾಯಿತು. ಇತ್ತ ಕಾರ್ಖಾನೆ ಬಿಟ್ಟ ನೀರಿನ ಬಣ್ಣ, ವಾಸನೆಯ ಬಗ್ಗೆ ಹೊಳೆಯ ಕೆಳಗಿನ ಊರುಗಳವರು ದೂರುತ್ತಲೇ ಬಂದರು. ಆ ದೂರು ನ್ಯಾಯವಾದದ್ದೇ.

ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ್ದು ಸ್ವಾತಂತ್ರ್ಯ ಬಂದ ಬಳಿಕದ ಎರಡು ದಶಕಗಳಲ್ಲಿ. ಭದ್ರಾವತಿಯಿಂದ ದಾವಣಗೆರೆಯವರೆಗೆ ಭತ್ತ, ಕಬ್ಬು, ಅಡಿಕೆಯ ಹಸಿರು ಹಬ್ಬಿತು. ಅದೇ ನೀರಿನಡಿಯಲ್ಲಿ ಹಿಂದೆ ಕೂಪುಗಳಿದ್ದ ಕಾಡಿನ ಒಂದು ಭಾಗವೂ ಹಳ್ಳಿಗಳೂ ಮುಳುಗಿದವು. ಒಂದು ಸಂಪತ್ತು ಬೆಳೆಯಲು ಇನ್ನೊಂದು ಜಾಗ ಬಿಡಬೇಕಾದ ಈ ಲೆಕ್ಕಾಚಾರ ಇಲ್ಲಿ ಎಂದೂ ನಿಂತಿಲ್ಲ. ನದಿಯ ಮೇಲ್ಭಾಗದಲ್ಲಿ, ಕುದುರೆಮುಖದಲ್ಲಿ, 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರಿನ ಕಂಪನಿ ಮ್ಯಾಗ್ನೆಟೈಟ್ ತೆಗೆದು ಕೊಳವೆಮಾರ್ಗದಲ್ಲಿ ಮಂಗಳೂರಿಗೆ ಸಾಗಿಸಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು. ಭದ್ರೆಯ ಮೇಲೆ ಬದುಕುವ ಯಾವ ಕಾರ್ಖಾನೆಯೂ ಆ ತೀರ್ಪನ್ನು ದೂರದ ಸುದ್ದಿಯೆಂದು ಓದುವಂತಿರಲಿಲ್ಲ.

ಊರಿನ ಬಗ್ಗೆ ಒಂದೆರಡು ಮಾತು. ಸೈರನ್ನಿಗೆ ಎದ್ದು ಸೈರನ್ನಿಗೆ ಮಲಗುತ್ತಿದ್ದ ಊರಿದು. ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ, ಹೊಳೆಯಾಚೆ ನ್ಯೂಟೌನಿನ ಸಾಲು ಕ್ವಾರ್ಟರ್ಸ್. ಕಾರ್ಖಾನೆಯ ಆಸ್ಪತ್ರೆ, ಕಾರ್ಖಾನೆಯ ಶಾಲೆ, ಕಾರ್ಖಾನೆಯ ಮೈದಾನ. ಮಲೆನಾಡಿನ ತೋಟಗಳಿಗೆ ಬೆಳಗಿನ ಹಾಡು ಮುಟ್ಟಿಸಿದ ಆಕಾಶವಾಣಿ ಕೇಂದ್ರ 1965ರಲ್ಲಿ ತೆರೆದದ್ದು ಇಲ್ಲಿಯೇ. ತಿಂಗಳ ಸಂಬಳದ ದಿನ ಶಿವಮೊಗ್ಗ ಪೇಟೆಯೂ ಕಳೆಗಟ್ಟುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಮಲೆನಾಡಿನ ಒಂದು ಸಣ್ಣ ಹಿಡುವಳಿಯ ಮನೆಯಲ್ಲಿ ಒಬ್ಬ ಮಗ ‘ಫ್ಯಾಕ್ಟರಿ’ಗೆ ಸೇರಿದರೆ ಉಳಿದವರ ಓದು, ತಂಗಿಯರ ಮದುವೆ, ತೋಟದ ಸಾಲ ಎಲ್ಲಕ್ಕೂ ದಾರಿಯಾಗುತ್ತಿತ್ತು. ಕಾಡಿನ ಸೌದೆ ಕಬ್ಬಿಣವಾಗಿ, ಕಬ್ಬಿಣ ಸಂಬಳವಾಗಿ, ಸಂಬಳ ಮುಂದಿನ ತಲೆಮಾರಿನ ವಿದ್ಯೆಯಾಗಿ ಮಾರ್ಪಟ್ಟದ್ದು ಹೀಗೆ. ಈ ಲಾಭವನ್ನು ಯಾವ ಆಯವ್ಯಯ ಪಟ್ಟಿಯೂ ತೋರಿಸದು.

ಸರ್ಕಾರಿ ಇಲಾಖೆಯಂತೆ ನಡೆಯುತ್ತಿದ್ದ ಸಂಸ್ಥೆ 1962ರಲ್ಲಿ ಕಂಪನಿಯಾಯಿತು. ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕಿನ ಕಡೆಗೆ ಹೊರಳಿತು. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ 1998ರಲ್ಲಿ ಅದರೊಳಗೆ ವಿಲೀನವಾಯಿತು. 1990ರ ದಶಕದಲ್ಲಿ ಕೋಕ್‌ನಿಂದ ಉರಿಯುವ ಹೊಸ ಊದುಕುಲುಮೆ ಕಟ್ಟಿದಾಗ ಈ ಸಂಸ್ಥೆ ಹುಟ್ಟಿದಾಗಿನ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು: ಕಲ್ಲಿದ್ದಲು ಎಲ್ಲಿಂದ, ಯಾವ ಬೆಲೆಗೆ? ಅದಿರಿನ ಆಸರೆಯೂ ಕೈತಪ್ಪಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಕಾರ್ಖಾನೆಗೆ ಸ್ವಂತ ಗಣಿಯಿಲ್ಲ. ಸಂಡೂರಿನ ರಮಣದುರ್ಗದಲ್ಲಿ ಗಣಿ ಕೊಡುವ ಮಾತು ವರ್ಷಗಟ್ಟಲೆ ಕಡತದಲ್ಲೇ ಸುತ್ತಿತು. ಕಾಡಿಲ್ಲ, ಕಲ್ಲಿಲ್ಲ, ಅಗ್ಗದ ವಿದ್ಯುತ್ತಿಲ್ಲ. ಯಾವ ಮೂರು ಕಾರಣಕ್ಕೆ ಕಾರ್ಖಾನೆ ಇಲ್ಲಿ ಹುಟ್ಟಿತೋ ಬೆಳೆಯಿತೋ ಆ ಮೂರೂ ಕಳಚಿದ ಮೇಲೆ ಉಳಿದದ್ದು ಕೆಲಸ ಬಲ್ಲ ಜನ ಮತ್ತು ಯಂತ್ರಗಳು. ನಷ್ಟಕ್ಕೆ ಕಾರ್ಮಿಕರನ್ನು ದೂರುವವರು ಈ ಇತಿಹಾಸವನ್ನು ಓದಿಲ್ಲವೆಂದೇ ಹೇಳಬೇಕು. ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು, ಊರು ಅವರ ಜೊತೆ ನಿಂತಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರೋಲಿಂಗ್ ಮಿಲ್ ಮತ್ತೆ ತಿರುಗಿತು, ಆಮೇಲೆ ಶತಮಾನೋತ್ಸವ ನಡೆಯಿತು.

ಕಾಡಿನ ಕಡೆಯ ಸುದ್ದಿ ಬೇರೆ. 1951ರಲ್ಲಿ ಜಾಗರ ಕಣಿವೆಯಲ್ಲಿ ಆರಂಭವಾದ ಅಭಯಾರಣ್ಯಕ್ಕೆ 1974ರಲ್ಲಿ ಲಕ್ಕವಳ್ಳಿಯ ಕಾಡೂ ಸೇರಿ ಭದ್ರಾ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಒಂದು ಕಾಲದಲ್ಲಿ ಕುಲುಮೆಗೆ ಸೌದೆ ಹೋಗುತ್ತಿದ್ದ ನೆಲದಲ್ಲಿ ಇಂದು ಹುಲಿಯಿದೆ, ಕಾಟಿಯಿದೆ, ಕಡಿದ ಬುಡದಿಂದ ಒಡೆದು ಕವಲಾಗಿ ಬೆಳೆದ ಮತ್ತಿ, ದಿಂಡಿಗಗಳಿವೆ. ಅಲ್ಲಿ ಮತ್ತೆ ಗಣಿಯೋ ಕೊಡಲಿಯೋ ಬರಬೇಕೆಂದು ಕಾರ್ಖಾನೆಯ ಹಿತೈಷಿಗಳಾರೂ ಕೇಳಕೂಡದು; ನಾನೂ ಕೇಳುವುದಿಲ್ಲ. ಕಾರ್ಖಾನೆ ಉಳಿಯಬೇಕಾದರೆ ಅದಿರು ಬಯಲುಸೀಮೆಯ ಗಣಿಯಿಂದ ಬರಲಿ, ಸೂಕ್ತ ಬೆಲೆಗೆ, ದೀರ್ಘಾವಧಿಯ ಕರಾರಿನ ಮೇಲೆ. ಅಕೇಶಿಯಾ ನೆಡುತೋಪಿನ ಗುತ್ತಿಗೆಯ ಮೂಲ ಅವಧಿ 2020ಕ್ಕೆ ಮುಗಿಯಿತು. ಕಾಗದವೇ ತಯಾರಾಗದ ಮೇಲೆ ಆ ಭೂಮಿ ಮತ್ತೆ ನೈಜ ಕಾಡಾಗಲಿ ಎಂದು ಮಲೆನಾಡಿನ ಪರಿಸರ ಹೋರಾಟಗಾರರು ಒತ್ತಾಯಿಸುತ್ತಿರುವುದನ್ನು ಭದ್ರಾವತಿಯ ಜನ ತಮ್ಮ ವಿರೋಧಿಗಳ ಮಾತೆಂದು ತಿಳಿಯಬಾರದು. ಈ ಊರು ಕಾಡಿನಿಂದ ಪಡೆದ ಸಾಲದ ಮೊದಲ ಕಂತು ಅದು.

ಸಂಪಾದಕರಲ್ಲಿ ಮತ್ತು ಸಂಸ್ಥೆಯ ಹಿರಿಯರಲ್ಲಿ ಒಂದು ಕೋರಿಕೆ. ಅರಣ್ಯ ಇಲಾಖೆಯ ದಾಖಲೆ ಕೋಣೆಗಳಲ್ಲಿ ಶಿವಮೊಗ್ಗ, ಚಿಕ್ಕಮಗಳೂರು ಕಾಡುಗಳ ಹಳೆಯ ಕಾರ್ಯಯೋಜನೆಗಳಿವೆ. ಯಾವ ಕೂಪನ್ನು ಯಾವ ವರ್ಷ ಕಡಿದರು, ಎಷ್ಟು ಸೌದೆ ಇಳಿಯಿತು ಎಂಬ ಲೆಕ್ಕ ಅಂಥ ಕಡತಗಳಲ್ಲಿರುತ್ತದೆ. ಕಾರ್ಖಾನೆಯ ಹಳೆಯ ವಿಭಾಗಗಳಲ್ಲಿ ಉಳಿದಿರುವ ನಕ್ಷೆ, ಹಾಜರಿ ಪುಸ್ತಕ, ಸೌದೆ ಜಮಾ ವಹಿಗಳನ್ನು ಗುಜರಿಗೆ ಹಾಕದೆ, ಇವೆರಡನ್ನೂ ಒಂದೆಡೆ ಸೇರಿಸಿ, ಕೂಪುಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳ ನೆನಪುಗಳನ್ನು ಅವರ ಬಾಯಿಂದಲೇ ಬರೆಸಿಕೊಂಡರೆ, ಇದ್ದಿಲಿನ ವರ್ಷಗಳ ನಿಜವಾದ ಚರಿತ್ರೆ ಬರೆಯಲು ಸಾಧ್ಯ. ಕೊಡಲಿ ಹಿಡಿದವರಲ್ಲಿ ಈಗ ಉಳಿದವರು ತೀರಾ ಕಡಿಮೆ. ಈ ಕೆಲಸ ಇದೇ ವರ್ಷ ಆರಂಭವಾಗಲಿ.